ಅಪ್ಪಾಜಿಗೆ ಶುಗರ್ ಮತ್ತು ಸ್ಟೆಂಟ್, ಅಮ್ಮನಿಗೆ ಮಂಡಿ ಸವೆತ: ಪ್ರೈವೇಟ್ ಹೆಲ್ತ್ ಇನ್ಶೂರೆನ್ಸ್ ಸಿಗುತ್ತಾ? ಸ್ಟೆಂಟ್ ವಿಷಯ ಬರೀಲೇಬೇಕಾ?

ಬೆಣ್ಣೆದೋಸೆ (ಪ್ರಶ್ನೆ)

ಅಪ್ಪಾಜಿಗೆ 64, ಅಮ್ಮನಿಗೆ 59. ಇಬ್ಬರೂ ದಾವಣಗೆರೆಯಲ್ಲಿದ್ದಾರೆ, ನಾನು ಬೆಂಗಳೂರಲ್ಲಿ.

ಅಪ್ಪಾಜಿ: 2014ರಿಂದ ಶುಗರ್, ಮಾತ್ರೆ ಮಾತ್ರ, ಇನ್ಸುಲಿನ್ ಇಲ್ಲ. ಬಿಪಿ ಇದೆ. 2023ರ ಆಗಸ್ಟ್‌ನಲ್ಲಿ ಆಂಜಿಯೋಪ್ಲಾಸ್ಟಿ, ಒಂದು ಸ್ಟೆಂಟ್. ಈಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7.4, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) 1.1, ಎಕೋದಲ್ಲಿ ಇಎಫ್ (ಹೃದಯ ಪಂಪ್ ಮಾಡೋ ಸಾಮರ್ಥ್ಯ) 55.
ಅಮ್ಮ: ಥೈರಾಯ್ಡ್ ಮಾತ್ರೆ 50 ಮೈಕ್ರೋಗ್ರಾಂ. ಮಂಡಿ ಸವೆತ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ, ಆಪರೇಷನ್ ಈಗಲೇ ಬೇಡ ಅಂದಿದ್ದಾರೆ.

ನನ್ನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಇಬ್ಬರಿಗೂ ಸೇರಿ 3 ಲಕ್ಷ ಇದೆ, 20% ಕೋ-ಪೇ (ಬಿಲ್ಲಿನಲ್ಲಿ ನಾವೇ ಕಟ್ಟಬೇಕಾದ ಪಾಲು). ಮನೇಲಿರೋದು ಎಪಿಎಲ್ ಕಾರ್ಡ್. ನನ್ನ ಪ್ರಶ್ನೆಗಳು:

ಇವರಿಗೆ ಯಾರಾದರೂ ಪಾಲಿಸಿ ಕೊಡ್ತಾರಾ? ಇಬ್ಬರಿಗೂ ಸೇರಿ ಫ್ಲೋಟರ್ ಮಾಡಿಸಲಾ, ಬೇರೆ ಬೇರೆನಾ? ಕಂಪನಿ ಪಾಲಿಸಿ ಇರುವಾಗ ಈಗಲೇ ದುಡ್ಡು ಕಟ್ಟೋದು ದಂಡವಾ? ಇನ್ನೊಂದು, ಏಜೆಂಟ್ ಒಬ್ಬರು "ಸ್ಟೆಂಟ್ ವಿಷಯ ಬರೀಬೇಡಿ, 5 ವರ್ಷ ಕಳೆದರೆ ಯಾರೂ ಕೇಳೋ ಹಾಗಿಲ್ಲ" ಅಂತಿದ್ದಾರೆ. ಇದು ನಿಜವಾ?

ಟಿಪಿಎ ಕಿಟಕಿ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಅದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಏಜೆಂಟ್ ಹೇಳ್ತಿರೋದು ಮೊರಟೋರಿಯಂ ಬಗ್ಗೆ. ಪಾಲಿಸಿ ನಿಲ್ಲದೆ 60 ತಿಂಗಳು ನಡೆದರೆ, ಆಮೇಲೆ "ಕಾಯಿಲೆ ಹೇಳಿರಲಿಲ್ಲ" ಅಂತ ಕ್ಲೇಮ್ ತಿರಸ್ಕರಿಸೋ ಹಾಗಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಏಪ್ರಿಲ್‌ನಲ್ಲಿ ಇದನ್ನು 8 ವರ್ಷದಿಂದ 5ಕ್ಕೆ ಇಳಿಸಿತು, ನಿಜ. ಆದರೆ ಅವರು ಹೇಳದೇ ಬಿಟ್ಟಿರೋದು: ವಂಚನೆ ಸಾಬೀತಾದರೆ ಈ ರಕ್ಷಣೆ ಇಲ್ಲ. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡು "ಹೃದಯದ ತೊಂದರೆ ಇದೆಯಾ" ಅನ್ನೋ ಕಾಲಂನಲ್ಲಿ "ಇಲ್ಲ" ಅಂತ ಟಿಕ್ ಮಾಡೋದನ್ನು ಮರೆವು ಅಂತ ಯಾರೂ ನಂಬಲ್ಲ. ಅದಕ್ಕಿಂತ ಮುಖ್ಯವಾಗಿ, 64ರ ಹೃದ್ರೋಗಿಗೆ ಆಸ್ಪತ್ರೆ ಖರ್ಚು 60 ತಿಂಗಳು ಕಾಯುತ್ತಾ? ಮಧ್ಯದಲ್ಲಿ ಡೆಂಗಿಗೆ ಅಡ್ಮಿಟ್ ಆದರೂ ಸಾಕು. ಇಸಿಜಿ ತೆಗೀತಾರೆ, ಹಳೇ ಮಾತ್ರೆ ಪಟ್ಟಿ ಕೇಳ್ತಾರೆ, ಕೇಸ್ ಶೀಟ್‌ನಲ್ಲಿ ಸ್ಟೆಂಟ್ ಬರುತ್ತೆ. ಆಗ ಡೆಂಗಿ ಕ್ಲೇಮ್ ಜೊತೆ ಪಾಲಿಸಿಯೂ ರದ್ದಾಗಬಹುದು. ಹೇಳಿದ್ದರೆ ಅದೇ ಡೆಂಗಿ ಬಿಲ್ಲು ಎರಡನೇ ತಿಂಗಳಲ್ಲೇ ಸಿಗ್ತಿತ್ತು.

ಅಂದರೆ ಮೊದಲೇ ಇರುವ ಕಾಯಿಲೆಗೆ, ಅಂದರೆ ಪಿಇಡಿಗೆ, ವೇಟಿಂಗ್ ಪೀರಿಯಡ್ (ಕ್ಲೇಮ್ ಸಿಗದ ಕಾಯೋ ಅವಧಿ) ಇದ್ದರೂ ಉಳಿದ ಕಾಯಿಲೆಗಳಿಗೆ ಕವರ್ ಇದ್ದೇ ಇರುತ್ತೆ. ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಕಲ್ಲು, ಮಂಡಿ ಬದಲಾವಣೆ ಇಂಥ ಪಟ್ಟಿಗೆ ಸಾಮಾನ್ಯವಾಗಿ 24 ತಿಂಗಳು. ಪಿಇಡಿಗೆ ಗರಿಷ್ಠ 36 ತಿಂಗಳು (ಹಿಂದೆ 48 ಇತ್ತು). ಈ 36 ತಿಂಗಳು ಕಾಯಿಲೆಗೆ ಮಾತ್ರ ಅಲ್ಲ, ಅದರ ನೇರ ಪರಿಣಾಮಕ್ಕೂ ಸೇರಿ. ಶುಗರ್ ಇರೋರಿಗೆ ಕಾಲಿನ ಗಾಯ ಕೊಳೆತರೆ, ಕಿಡ್ನಿ ಕೆಟ್ಟರೆ ಕಂಪನಿ ಅದನ್ನು ಶುಗರ್ ಖಾತೆಗೇ ಹಾಕುತ್ತೆ.

ಅಮ್ಮನ ಮಂಡಿ ಎರಡು ಪಟ್ಟಿಯಲ್ಲೂ ಬರುತ್ತೆ: 24 ತಿಂಗಳ ಪಟ್ಟಿಯಲ್ಲೂ ಇದೆ, ಸವೆತ ಈಗಾಗಲೇ ಗೊತ್ತಾಗಿರೋದರಿಂದ ಪಿಇಡಿಯೂ ಹೌದು. ಹೀಗಾದಾಗ ಯಾವುದು ಹೆಚ್ಚೋ ಅದೇ ಅನ್ವಯ, 36 ತಿಂಗಳು ಅಂತಲೇ ಲೆಕ್ಕ ಇಟ್ಕೊಳ್ಳಿ.

ಇಲ್ಲೊಂದು ಜನ ಎಡವೋ ಜಾಗ ಇದೆ. ನಿಯಮದ ಪ್ರಕಾರ ಪಿಇಡಿ ಅಂದರೆ ಪಾಲಿಸಿ ಶುರುವಾಗೋ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ, ಅಥವಾ ಡಾಕ್ಟರು ಚಿಕಿತ್ಸೆ ಕೊಟ್ಟ, ಸೂಚಿಸಿದ ಕಾಯಿಲೆ. ಇದನ್ನು ಓದಿ "ಸ್ಟೆಂಟ್ ಹಾಕಿ 3 ವರ್ಷ ದಾಟಿದರೆ ಬರೀಬೇಕಿಲ್ಲ" ಅಂದ್ಕೊಳ್ಳೋರಿದ್ದಾರೆ. ಎರಡು ಕಾರಣಕ್ಕೆ ತಪ್ಪು. ಒಂದು, ರಕ್ತ ತೆಳು ಮಾಡೋ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಈಗಲೂ ನುಂಗ್ತಿದ್ದರೆ ಚಿಕಿತ್ಸೆ ನಡೀತಾನೇ ಇದೆ. ಎರಡು, ಪ್ರಪೋಸಲ್ ಫಾರಂ (ಪಾಲಿಸಿಗೆ ಹಾಕೋ ಅರ್ಜಿ) ಕೇಳೋದು "ಎಂದಾದರೂ ಆಗಿತ್ತೇ" ಅಂತ. ವ್ಯಾಖ್ಯೆ ಏನೇ ಇರಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು.

ಫ್ಲೋಟರ್ ಬೇಡ. ಬೇರೆ ಬೇರೆ ಮಾಡಿಸಿ. ಫ್ಲೋಟರ್‌ನಲ್ಲಿ ಹಿರಿಯರ ವಯಸ್ಸಿನ ಮೇಲೆ ಪ್ರೀಮಿಯಂ ನಿಲ್ಲುತ್ತೆ, ಅಪ್ಪಾಜಿ ಪ್ರಪೋಸಲ್ ಸಿಕ್ಕಿಹಾಕಿಕೊಂಡರೆ ಅಮ್ಮನದೂ ಜೊತೆಗೆ ನಿಲ್ಲುತ್ತೆ. ಥೈರಾಯ್ಡ್ ಅನ್ನೋದು ಕಂಪನಿಗಳಿಗೆ ದೊಡ್ಡ ವಿಷಯವೇ ಅಲ್ಲ, ಅಮ್ಮನಿಗೆ ಒಬ್ಬರಿಗೇ ಆದರೆ ಒಳ್ಳೇ ಪಾಲಿಸಿ ಸಲೀಸಾಗಿ ಸಿಗಬಹುದು. 60 ತುಂಬೋ ಮುಂಚೆ ಮುಗಿಸಿ. 60 ದಾಟಿ ಸೇರೋರಿಗೆ ಕಡ್ಡಾಯ ಕೋ-ಪೇ ಹಾಕೋ ಪಾಲಿಸಿಗಳು ಇವೆ.

ಅಪ್ಪಾಜಿಗೆ ಕಷ್ಟ, ಆದರೆ ಅಸಾಧ್ಯ ಅಲ್ಲ. ಮಾಮೂಲಿ ಪಾಲಿಸಿಯಲ್ಲಿ ಕೆಲವರು ನೇರ ಬೇಡ ಅಂತಾರೆ, ಕೆಲವರು ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ) ಹಾಕಿ 36 ತಿಂಗಳ ವೇಟಿಂಗ್‌ಗೆ ಒಪ್ಪುತ್ತಾರೆ. ಆಂಜಿಯೋಪ್ಲಾಸ್ಟಿ ಆದ ಹೊಸತರಲ್ಲಿ ಹೋದರೆ ಮುಂದೂಡೋದೇ ಹೆಚ್ಚು, ನಿಮ್ಮದು 2023ರದ್ದು, ಎಕೋ ಚೆನ್ನಾಗಿದೆ, ಅದು ಅನುಕೂಲ. ಹೃದ್ರೋಗಿಗಳಿಗೆಂದೇ ಇರೋ ಕೇರ್ ಹಾರ್ಟ್, ಸ್ಟಾರ್ ಕಾರ್ಡಿಯಾಕ್ ಕೇರ್ ಥರದವನ್ನೂ ನೋಡಿ. ಇಂಥವುಗಳಲ್ಲಿ ಸೇರ್ಪಡೆ ಸುಲಭ, ಬದಲಿಗೆ ಸಮ್ ಇನ್ಶೂರ್ಡ್ (ವಿಮೆಯ ಗರಿಷ್ಠ ಮೊತ್ತ) ಎಷ್ಟು, ಕೋ-ಪೇ ಎಷ್ಟು, ಯಾವ ಆಪರೇಷನ್‌ಗೆ ಎಷ್ಟು ಮಿತಿ ಅಂತ ಸಾಲು ಸಾಲು ಓದಬೇಕು.

ಐದು ಕಂಪನಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ. "ಈ ಹಿಂದೆ ಯಾವ ಕಂಪನಿಯಾದರೂ ನಿರಾಕರಿಸಿದೆಯೇ, ಲೋಡಿಂಗ್ ಹಾಕಿದೆಯೇ" ಅಂತ ಫಾರಂನಲ್ಲಿ ಕೇಳ್ತಾರೆ. ಒಳ್ಳೇ ಬ್ರೋಕರ್ ಆದರೆ ಅರ್ಜಿ ಹಾಕೋ ಮುಂಚೆ ರಿಪೋರ್ಟ್‌ಗಳನ್ನು ಅಂಡರ್‌ರೈಟಿಂಗ್ (ಅರ್ಜಿ ಪರಿಶೀಲಿಸಿ ಒಪ್ಪೋದು ಬಿಡೋದು ತೀರ್ಮಾನಿಸೋ) ವಿಭಾಗಕ್ಕೆ ಮೇಲ್ ಮಾಡಿ ಅಭಿಪ್ರಾಯ ತರಿಸ್ತಾರೆ. ಅದಾದ ಮೇಲೆ ಒಂದೇ ಕಡೆ ಹಾಕಿ. ಕಳಿಸಬೇಕಾದದ್ದು: ಆಂಜಿಯೋಪ್ಲಾಸ್ಟಿಯ ಡಿಸ್ಚಾರ್ಜ್ ಸಮ್ಮರಿ, ಆಂಜಿಯೋಗ್ರಾಂ ರಿಪೋರ್ಟ್, ಇತ್ತೀಚಿನ ಎರಡು ಪ್ರಿಸ್ಕ್ರಿಪ್ಷನ್, ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್, ಕ್ರಿಯಾಟಿನಿನ್, ಇಸಿಜಿ, ಎಕೋ. ರಕ್ತಪರೀಕ್ಷೆ, ಇಸಿಜಿ, ಎಕೋ ಆರು ತಿಂಗಳಿಗಿಂತ ಹಳೇದು ಬೇಡ.

ದುಡ್ಡನ್ನು ಪ್ರಪೋಸಲ್ ಒಪ್ಪಿದ ಮೇಲೆ ಕಟ್ಟಿದರಾಯಿತು. 2025ರ ಮಾರ್ಚ್‌ನಿಂದ ಬೀಮಾ-ಅಸ್ಬಾ ಅಂತ ಬಂದಿದೆ. ಯುಪಿಐನಲ್ಲಿ ಪ್ರೀಮಿಯಂ ನಿಮ್ಮ ಖಾತೆಯಲ್ಲೇ ಬ್ಲಾಕ್ ಆಗಿರುತ್ತೆ, ಪಾಲಿಸಿ ಕೊಟ್ಟರೆ ಮಾತ್ರ ಕಡಿತ.

ಇನ್ನು ಗ್ರೂಪ್ ಪಾಲಿಸಿ ಇರುವಾಗ ದಂಡವಾ ಅಂದ್ರಿ. ನನ್ನ ಪ್ರಕಾರ ಸ್ವಂತ ಪಾಲಿಸಿ ಮಾಡಿಸೋಕೆ ಇದೇ ಸರಿಯಾದ ಸಮಯ. ಹೆಚ್ಚಿನ ಗ್ರೂಪ್ ಪಾಲಿಸಿಗಳಲ್ಲಿ ಪಿಇಡಿಗೆ ಮೊದಲ ದಿನದಿಂದಲೇ ಕವರ್. ಆ 36 ತಿಂಗಳು ನಿಮ್ಮ ಆಫೀಸಿನ ಪಾಲಿಸಿ ರಕ್ಷಣೆ ಕೊಡ್ತಿರಲಿ, ಇತ್ತ ಸ್ವಂತದ್ದರ ವೇಟಿಂಗ್ ಕಳೀತಾ ಇರಲಿ. ಕೆಲಸ ಬಿಟ್ಟ ಮೇಲೆ ಮಾಡಿಸಿದರೆ ಆ ಮೂರು ವರ್ಷ ಬರಿಗೈ.

ಹುಬ್ಬಳ್ಳಿ ಬ್ರೋಕರ್

ಮ್ಯಾಲಿನವರು ಹೇಳಿದ್ದು ಬರೋಬರಿ ಐತಿ. ಫಾರಂ ಸರಿ ತುಂಬಿದ ಮ್ಯಾಲೂ ಎರಡು ಕಡೆ ಕೆಡತೈತಿ, ಅದನ್ನ ಹೇಳ್ತೀನಿ.

ಮೊದಲನೇದು ಟೆಲಿ-ಮೆಡಿಕಲ್ ಕಾಲ್. ಕಂಪನಿ ಡಾಕ್ಟರು ಫೋನ್ ಮಾಡ್ತಾರ, ರೆಕಾರ್ಡ್ ಆಗ್ತದ. ನಮ್ಮ ಹಿರ್ಯಾರಿಗೆ ಯಾರರೆ "ಆರೋಗ್ಯ ಹ್ಯಾಂಗೈತ್ರಿ" ಅಂದ್ರ ಬಾಯಿಗೆ ಬರೋದು ಒಂದೇ ಮಾತು: "ಏನಿಲ್ರಿ, ಆರಾಮ ಅದೀನಿ." ಅಲ್ಲೇ ಕೆಡ್ತು. ಫಾರಂನಾಗ ಸ್ಟೆಂಟ್ ಐತಿ, ಕಾಲ್‌ನಾಗ ಏನಿಲ್ಲ. ಕಾಲ್ ಕನ್ನಡದಾಗೇ ಬೇಕು ಅಂತ ಮೊದಲೇ ಹೇಳಿರಿ. ಅಪ್ಪಾರ ಕೈಯಾಗ ಒಂದು ಚೀಟಿ ಕೊಡ್ರಿ: ಶುಗರ್ 2014, ಬಿಪಿ ಯಾವ ವರ್ಷ, ಸ್ಟೆಂಟ್ ಆಗಸ್ಟ್ 2023, ಮಾತ್ರಿ ಹೆಸರು ಮತ್ತ ಎಷ್ಟು ಮಿಲಿಗ್ರಾಂ. ಬೀಡಿ, ತಂಬಾಕು, ಕುಡಿಯೋದು ಇದ್ರ ಅದನ್ನೂ. ನೀವು ಬಾಜೂಕ ಕುಂತು ಉತ್ತರ ಹೇಳಿಕೊಡಬ್ಯಾಡ್ರಿ, ಅದೂ ರೆಕಾರ್ಡ್ ಆಗ್ತದ.

ಎರಡನೇದು ಮುಂದ ಅಡ್ಮಿಟ್ ಆದಾಗ. ರಾತ್ರಿ 2 ಗಂಟೆಗೆ ಕ್ಯಾಶುಲ್ಟಿನಾಗ ಸಣ್ಣ ಡಾಕ್ಟರು ಕೇಳ್ತಾರ, "ಶುಗರ್ ಎಷ್ಟ ವರ್ಷದಿಂದ?" ಜೊತಿಗೆ ಬಂದವರು ಅಂದಾಜಿಗೆ "ಒಂದು ಹದಿನೈದು ವರ್ಷ ಆತೇನೋ" ಅಂತಾರ. ಕೇಸ್ ಶೀಟ್‌ನಾಗ "ಕೆ/ಸಿ/ಒ ಡಿಎಂ, 15 ಇಯರ್ಸ್" ಅಂತ ಬೀಳ್ತದ, ಅಂದ್ರ ಮೊದಲೇ ಗೊತ್ತಿರೋ ಶುಗರ್ ಪೇಷಂಟ್. ಪ್ರಪೋಸಲ್‌ನಾಗ 2014. ಇದೊಂದು ಸಾಲಿಗೆ ತಿಂಗಳಗಟ್ಟಲೆ ಕ್ವೆರಿ ಬರ್ತಾವ. ಆ ಚೀಟಿದ ಒಂದು ಫೋಟೋ ಮನಿಯವರೆಲ್ಲರ ಫೋನಿನಾಗ ಇರಲಿ, ಅಂದಾಜಿನ ಮಾತು ಬ್ಯಾಡ. ತಪ್ಪು ಬಿದ್ದಿದ್ರ ಡಿಸ್ಚಾರ್ಜ್‌ಗಿಂತ ಮೊದಲ ಡಾಕ್ಟರ್ ಕಡೆ ಹೇಳಿ ಸಹಿ ಸಮೇತ ತಿದ್ದಿಸ್ರಿ. ಆಮ್ಯಾಲ ತಿದ್ದಿದ್ರ ಕಂಪನಿ ಅನುಮಾನ ಪಡ್ತದ.

ಪಾಲಿಸಿ ಕೈಗೆ ಬಂದ ಕೂಡಲೇ ಶೆಡ್ಯೂಲ್ (ಪಾಲಿಸಿ ವಿವರದ ಹಾಳಿ) ತೆಗೆದು ಪಿಇಡಿ ಕಾಲಂ ನೋಡ್ರಿ. ಅಲ್ಲಿ ಡಯಾಬಿಟಿಸ್, ಹೈಪರ್‌ಟೆನ್ಷನ್, ಹೃದಯದ್ದು ಎಲ್ಲಾ ಬಂದಿರಬೇಕು. "ನಿಲ್" ಅಂತ ಇದ್ರ ಖುಷಿ ಪಡಬ್ಯಾಡ್ರಿ, ಏಜೆಂಟ್ ಒಟಿಪಿ ತಗೊಂಡು ಎಲ್ಲಾದಕ್ಕೂ "ನೋ" ಒತ್ಯಾನ ಅಂತ ಅರ್ಥ. ಪಾಲಿಸಿ ಜೊತಿಗೆ ಪ್ರಪೋಸಲ್ ಫಾರಂ ಪ್ರತಿನೂ ಕೊಡಬೇಕು, ಅದನ್ನ ಓದ್ರಿ. ತಪ್ಪಿದ್ರ ಮೇಲ್ ಬರದು ತಿದ್ದಿಸ್ರಿ. ಫ್ರೀ-ಲುಕ್ ಅಂತ 30 ದಿನ ಇರ್ತಾವ, ಒಪ್ಪಿಗಿ ಆಗಲಿಲ್ಲಂದ್ರ ವಾಪಸ್ ಮಾಡಬಹುದು.

ಬೆಣ್ಣೆದೋಸೆ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಸ್ಟೆಂಟ್ ವಿಷಯ ಬರೀತೀನಿ, ಮುಗೀತು. ಅಮ್ಮನಿಗೆ ಎರಡು ಪಾಲಿಸಿ ನೋಡಿದೀನಿ. ಎರಡೂ 5 ಲಕ್ಷ. ಒಂದರಲ್ಲಿ ರೂಂ ಬಾಡಿಗೆ ಮಿತಿ ದಿನಕ್ಕೆ 1%, ಅಂದರೆ 5,000, ಜೊತೆಗೆ 20% ಕೋ-ಪೇ. ಇನ್ನೊಂದರಲ್ಲಿ ಎರಡೂ ಇಲ್ಲ, ಆದರೆ ಪ್ರೀಮಿಯಂ ಸುಮಾರು ಒಂದೂವರೆ ಪಟ್ಟು. ರೂಂ ಬಾಡಿಗೆ ವ್ಯತ್ಯಾಸ ಕೈಯಿಂದ ಕೊಟ್ಟರೆ ಆಯ್ತಲ್ಲ, ಅಷ್ಟೊಂದು ಪ್ರೀಮಿಯಂ ಯಾಕೆ?

ಟಿಪಿಎ ಕಿಟಕಿ

ರೂಂ ವ್ಯತ್ಯಾಸ ಮಾತ್ರ ಅಲ್ಲ ಹೋಗೋದು, ಲೆಕ್ಕ ನೋಡಿ. ಉದಾಹರಣೆಗೆ ಮಂಡಿ ಆಪರೇಷನ್, 4 ದಿನ, ನೀವು ತಗೊಂಡ ರೂಂ 8,000.

ರೂಂ 32,000. ಸರ್ಜನ್, ಅರಿವಳಿಕೆ, ಓಟಿ, ನರ್ಸಿಂಗ್ ಸೇರಿ 1,20,000. ಇಂಪ್ಲಾಂಟ್ 80,000. ಔಷಧಿ, ಪರೀಕ್ಷೆ 48,000. ಒಟ್ಟು 2,80,000.

ರೂಂಗೆ ಕಂಪನಿ ಕೊಡೋದು 20,000, ನಿಮ್ಮ ಕೈಯಿಂದ 12,000. ಇಲ್ಲಿಗೆ ನಿಲ್ಲಲ್ಲ. ರೂಂ ದುಬಾರಿ ಆದರೆ ಸರ್ಜನ್ ಫೀಸೂ ಓಟಿ ಚಾರ್ಜೂ ಅದೇ ದರ್ಜೆಗೆ ಏರಿರುತ್ತೆ ಅನ್ನೋ ವಾದದ ಮೇಲೆ ಆ 1,20,000ವನ್ನೂ 5ಕ್ಕೆ 8ರ ಅನುಪಾತದಲ್ಲಿ ಕತ್ತರಿಸ್ತಾರೆ: ಕೊಡೋದು 75,000, ನಿಮಗೆ 45,000 ಹೊರೆ. ಇದಕ್ಕೆ ಪ್ರಪೋರ್ಷನೇಟ್ ಡಿಡಕ್ಷನ್ ಅಂತಾರೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕತ್ತರಿ ಹಾಕೋ ಹಾಗಿಲ್ಲ, ಐಸಿಯು ಚಾರ್ಜ್‌ಗೂ ಇಲ್ಲ. ಹಾಕಿದ್ದರೆ ಜಗಳ ಮಾಡಿ ವಾಪಸ್ ತಗೊಳ್ಳಿ.

ಈಗ ಉಳಿದದ್ದು 2,23,000. ಅದರ ಮೇಲೆ 20% ಕೋ-ಪೇ 44,600. ಕಂಪನಿ ಕೊಡೋದು 1,78,400, ನಿಮ್ಮ ಜೇಬಿಂದ 1,01,600. ಕೈಗವಸು, ಸಿರಿಂಜ್ ಥರದ ಕನ್ಸ್ಯೂಮಬಲ್ಸ್ ಇದರ ಮೇಲೆ ಬೇರೆ. ಎರಡು ಪ್ರೀಮಿಯಂಗಳ ವ್ಯತ್ಯಾಸವನ್ನು ಈ ಒಂದು ಲಕ್ಷದ ಪಕ್ಕ ಇಟ್ಟು ನೋಡಿ. ಅಮ್ಮನಿಗೆ ಆಪರೇಷನ್ "ಈಗಲೇ ಬೇಡ" ಅಂದಿದ್ದಾರೆ ಅಂತ ನೀವೇ ಬರೆದಿದ್ದೀರಿ, ಅಂದರೆ ಮುಂದೆ ಬೇಕಾಗಬಹುದು.

ಅಂದಹಾಗೆ ವೈಯಕ್ತಿಕ ಪಾಲಿಸಿಗಳಿಗೆ 18% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ. ಹಳೇ ಕೊಟೇಶನ್ ಇಟ್ಕೊಂಡು ಹೋಲಿಸಬೇಡಿ.

ಸಮ್ ಇನ್ಶೂರ್ಡ್ ಈಗಲೇ ಬೇಕಾದಷ್ಟು ತಗೊಳ್ಳಿ. ಮುಂದೆ 5ರಿಂದ 10 ಲಕ್ಷಕ್ಕೆ ಏರಿಸಿದರೆ, ಹೆಚ್ಚಾದ 5 ಲಕ್ಷಕ್ಕೆ ವೇಟಿಂಗೂ ಮೊರಟೋರಿಯಮ್ಮೂ ಮತ್ತೆ ಮೊದಲಿಂದ.

ಕೋಟೆಬೆಟ್ಟ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ತಂದೆ ಪಾಲಿಸಿಗೆ 4 ವರ್ಷ ಆಯ್ತು, ಬಿಪಿ ಬರೆಸಿಲ್ಲ. ಇನ್ನೊಂದೇ ವರ್ಷ ಅಲ್ವಾ, ಸುಮ್ನೆ ಇದ್ದುಬಿಡೋದು ವಾಸಿನಾ? ಇಲ್ಲಾ ಬೇರೆ ಕಂಪನಿಗೆ ಪೋರ್ಟ್ ಮಾಡಿ ಅಲ್ಲಿ ಸರಿಯಾಗಿ ಬರೆಯಲಾ?

ಹುಬ್ಬಳ್ಳಿ ಬ್ರೋಕರ್

ಪೋರ್ಟ್ ಅಂದ್ರ ಹೊಸಾ ಅಂಡರ್‌ರೈಟಿಂಗ್ ರೀ. ಹೊಸಾ ಕಂಪನಿ ಬ್ಯಾಡ ಅನ್ನಬಹುದು. ಒಪ್ಪಿದ್ರ ಕಳೆದ ವರ್ಷಗಳ ಲೆಕ್ಕ ಸಿಗತೈತಿ, ಅದೂ ಹಳೇ ಸಮ್ ಇನ್ಶೂರ್ಡ್ ಎಷ್ಟಿತ್ತೋ ಅಷ್ಟಕ್ಕ. ಖರೇ ಮಾಡೋದಿದ್ರ ರಿನ್ಯೂವಲ್‌ಗೆ 45 ದಿನ ಮೊದಲ ಅರ್ಜಿ ಹಾಕ್ರಿ, ಹೊಸಾದ್ದು ಕೈಗೆ ಬರೋ ತನಕ ಹಳೇದ್ದು ಬಿಡಬ್ಯಾಡ್ರಿ.

ಮೊದಲ ಬಿಪಿ ಯಾವಾಗ ಗೊತ್ತಾತು ನೋಡ್ರಿ. ಪಾಲಿಸಿ ಮಾಡಿಸಿದ ಮ್ಯಾಲ ಬಂದಿದ್ರ ಅದು ಪಿಇಡಿನೇ ಅಲ್ಲ, ಹೆದರಬ್ಯಾಡ್ರಿ. ಮೊದಲ ಡಯಾಗ್ನೋಸಿಸ್ ಆದ ಚೀಟಿ ತಾರೀಖು ಸಮೇತ ಜೋಪಾನ ಇಡ್ರಿ, ಅದೇ ಸಾಕ್ಷಿ.

ಟಿಪಿಎ ಕಿಟಕಿ

ಮೊದಲೇ ಇತ್ತು, ಗೊತ್ತಿದ್ದೂ ಬರೆಸಿಲ್ಲ ಅಂದರೆ ಈಗಲೇ ಕಂಪನಿಗೆ ಲಿಖಿತವಾಗಿ ತಿಳಿಸಿ. ಲೋಡಿಂಗ್ ಹಾಕಬಹುದು, ವೇಟಿಂಗ್ ಹಾಕಬಹುದು, ಕೆಟ್ಟ ಪಕ್ಷ ರದ್ದೂ ಮಾಡಬಹುದು. ಸ್ವಲ್ಪ ಬಿಪಿಗೆ ರದ್ದು ಮಾಡೋವರೆಗೆ ಹೋಗೋದು ಕಡಿಮೆ. "ಒಂದೇ ವರ್ಷ ತಾನೇ" ಅನ್ನೋ ಜೂಜು ಆಡೋರು ಆಡ್ತಾರೆ, ನಾನಂತೂ ಸಲಹೆ ಕೊಡಲ್ಲ. ರಿನ್ಯೂವಲ್ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ವಾರ್ಷಿಕ ಪ್ರೀಮಿಯಂಗೆ 30 ದಿನ ಗ್ರೇಸ್ ಇದೆ, ಅಷ್ಟರೊಳಗೆ ಕಟ್ಟಿದರೆ ಕಳೆದ ವರ್ಷಗಳ ಲೆಕ್ಕ ಉಳಿಯುತ್ತೆ. ಆದರೆ ಕಟ್ಟದೇ ಇದ್ದ ಆ ದಿನಗಳಲ್ಲಿ ಅಡ್ಮಿಟ್ ಆದರೆ ಕ್ಲೇಮ್ ಇಲ್ಲ.

ರಾಗಿಮುದ್ದೆ

ಬೆಣ್ಣೆದೋಸೆ ಅವರೇ, ಎಪಿಎಲ್ ಕಾರ್ಡ್ ಅಂದಿರಲ್ಲ, ಅದನ್ನೂ ಪೂರ್ತಿ ಕೈಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. ಹಳೇ ಕಾಯಿಲೆ ಅಂತ ತಡೆ ಇಲ್ಲ, ವೇಟಿಂಗ್ ಇಲ್ಲ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ್ದಕ್ಕೆ ರೆಫರಲ್ ತಗೊಂಡು ಮುಂದೆ ಹೋಗಬೇಕು. ಹಾಲಿನ ಸೊಸೈಟಿ, ಪತ್ತಿನ ಸೊಸೈಟಿ ಸದಸ್ಯತ್ವ ಅಪ್ಪಾಜಿಗೆ ಇದ್ದರೆ ಸಹಕಾರ ಸಂಘದ ಸದಸ್ಯರಿಗಿರೋ ಯಶಸ್ವಿನಿ ಆರೋಗ್ಯ ಯೋಜನೆ ವಿಚಾರಿಸಿ, ಅದರಲ್ಲೂ ಕುಟುಂಬಕ್ಕೆ 5 ಲಕ್ಷದವರೆಗೆ. ನೋಂದಣಿಗೆ ಕೊನೇ ದಿನ ಅಂತ ಇರುತ್ತೆ, ಸೊಸೈಟಿ ಕಾರ್ಯದರ್ಶಿ ಹತ್ರ ಕೇಳಿ.

ಬೆಣ್ಣೆದೋಸೆ

ಹಾಲಿನ ಡೇರಿ ಸದಸ್ಯತ್ವ ಇದೆ! ಯಶಸ್ವಿನಿ ಹೊಳೆದೇ ಇರಲಿಲ್ಲ. ಕೊನೇದಾಗಿ ಎರಡು: ಎರಡು ಪಾಲಿಸಿ ಇದ್ದಾಗ ಕ್ಲೇಮ್ ಹೇಗೆ? ಎಲ್ಲಾ ಹೇಳಿಯೂ ತಿರಸ್ಕಾರ ಆದರೆ ಎಲ್ಲಿಗೆ ಹೋಗೋದು?

ಟಿಪಿಎ ಕಿಟಕಿ

ಯಾವುದರಲ್ಲಿ ಮೊದಲು ಅನ್ನೋ ಆಯ್ಕೆ ನಿಮ್ಮದು. ಮೊದಲು ಗ್ರೂಪ್‌ನಲ್ಲಿ ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟೋದು) ಮಾಡಿಸಿ. 3 ಲಕ್ಷ ಮುಗಿದ ಮೇಲಿನದ್ದನ್ನು ಸ್ವಂತ ಪಾಲಿಸಿಯಲ್ಲಿ ರೀಇಂಬರ್ಸ್‌ಮೆಂಟ್ (ನೀವು ಕಟ್ಟಿ ಆಮೇಲೆ ವಾಪಸ್ ಪಡೆಯೋದು) ಹಾಕಿ. ಮೂಲ ಬಿಲ್ಲುಗಳು ಮೊದಲನೆಯವರ ಹತ್ರ ಹೋಗಿರುತ್ತವೆ, ಹಾಗಾಗಿ ದೃಢೀಕರಿಸಿದ ಪ್ರತಿಗಳು ಮತ್ತು ಅವರ ಸೆಟಲ್‌ಮೆಂಟ್ ಲೆಟರ್ ಬೇಕು. ಡಿಸ್ಚಾರ್ಜ್ ದಿನವೇ ಬಿಲ್ಲಿನ ಎರಡು ಸೆಟ್ ಮಾಡಿಸಿ ಆಸ್ಪತ್ರೆ ಸೀಲ್ ಹಾಕಿಸಿಕೊಳ್ಳಿ. ಆಮೇಲೆ ದಾವಣಗೆರೆಯಿಂದ ಅದಕ್ಕೇ ಓಡಾಡೋದು ತಲೆನೋವು.

ತಿರಸ್ಕಾರ ಆದರೆ ಕಾರಣವನ್ನು ಪಾಲಿಸಿಯ ಯಾವ ಕಲಂ ಅಂತ ಸಮೇತ ಬರಹದಲ್ಲಿ ಕೇಳಿ. ಫೋನಿನ ಉತ್ತರಕ್ಕೆ ಬೆಲೆ ಇಲ್ಲ. ಮೊದಲು ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ದೂರು. ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದದ್ದು ಒಪ್ಪಿಗೆ ಆಗಲಿಲ್ಲ ಅಂದರೆ ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ತೀರ್ಮಾನಿಸೋ ಅಧಿಕಾರಿ). ಕರ್ನಾಟಕದ್ದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ, ಆನ್‌ಲೈನಲ್ಲೂ ಸಲ್ಲಿಸಬಹುದು. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ನೋಡ್ತಾರೆ. ಕಂಪನಿಯ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು. ಅವಾರ್ಡ್ ನಿಮ್ಮ ಪರ ಆಗಿ ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು.

2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೆ ಉಪಯೋಗಕ್ಕೆ ಬರುತ್ತೆ: ಗ್ರಾಹಕ ತಿಳಿಸಿದ ಕಾಯಿಲೆಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆ ತೋರಿಸಿ ಕ್ಲೇಮ್ ನಿರಾಕರಿಸೋ ಹಾಗಿಲ್ಲ. ವೇಟಿಂಗ್ ಪೀರಿಯಡ್ ಇದ್ದರೆ ಅದು ಬೇರೆ ಮಾತು. ಆದರೆ ಈ ತೀರ್ಪು ಕೈಗೆ ಬರೋದು ಫಾರಂನಲ್ಲಿ ಬರೆದವರಿಗೆ. ಹಾಗಾಗಿ ತುಂಬಿದ ಫಾರಂ, ಕಳಿಸಿದ ರಿಪೋರ್ಟ್, ಮೇಲ್ ಎಲ್ಲಾ ಒಂದು ಫೋಲ್ಡರ್‌ನಲ್ಲಿ ಇಡಿ.

ಹುಬ್ಬಳ್ಳಿ ಬ್ರೋಕರ್

ಮತ್ತ ಆ ಏಜೆಂಟ್‌ಗೆ ಒಂದು ಮಾತು ಕೇಳ್ರಿ: "ಸ್ಟೆಂಟ್ ಬರೀಬ್ಯಾಡ್ರಿ ಅಂತ ವಾಟ್ಸಾಪ್‌ನಾಗ ಬರದ ಕಳಸ್ರಿ." ಕಳಸಂಗಿಲ್ಲ, ನೋಡ್ರಿ ಬೇಕಾರ.